ಹುಲ್ಲು ಮಾರುವವರ ಊರಿಗೆ ಹೋಗಿ ಬಂದದ್ದು

ಪಾಂಡವಪುರ

ನಾನು ಫ್ರಾನ್ಸ್ ದೇಶಕ್ಕೆ ಹೋದದ್ದು ಯೋಗ್ಯತೆಯಿಂದಲ್ಲ, ಪಹಣಿಯಿಂದ. ನಾಗಮಂಗಲ ತಾಲ್ಲೂಕಿನಲ್ಲಿ ನಮ್ಮ ಯಜಮಾನರ ಹುಟ್ಟೂರಿನ ಮೂರು ಎಕರೆ ಹೊಲ ನನ್ನ ಹೆಸರಿನಲ್ಲಿದೆ. ಅಂಗಡಿ ಅವರ ಹೆಸರಿನಲ್ಲಿದೆ, ಜಮೀನಾದರೂ ಬೇರೆ ಹೆಸರಿನಲ್ಲಿರಲಿ ಎಂದು ಯಾರೋ ಬುದ್ಧಿ ಹೇಳಿದ್ದರಂತೆ. ಹಾಗೆ ನಾನು ರೈತ ಮಹಿಳೆಯಾದೆ. ಅದರಿಂದ ಅಲ್ಲಿನ ರೈತರ ಕಂಪನಿಯಲ್ಲಿ ಷೇರು ಸಿಕ್ಕಿತು. ಒಬ್ಬರಾದರೂ ಹೆಂಗಸು ಇರಬೇಕೆಂಬ ನಿಯಮವಿದ್ದದ್ದರಿಂದ ನಿರ್ದೇಶಕಿಯೂ ಆದೆ. ನಾವಿರುವುದು ಪಾಂಡವಪುರದಲ್ಲಿ. ಹೊಲದ ಕಡೆಗೆ ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಅವರೆಕಾಯಿ ಕಾಲಕ್ಕೆ ಒಮ್ಮೆ, ರಾಗಿ ಮೂಟೆ ತರಲು ಒಮ್ಮೆ. ಎರಡು ಸಲವೂ ರಸ್ತೆಯಂಚಿನಲ್ಲೇ ನಿಂತಿರುತ್ತೇನೆ.

ಕಂಪನಿಯ ಮ್ಯಾನೇಜರು ನಂಜುಂಡ ಬೆಳಗೊಳದವನು. ಮೂವತ್ತೈದು ದಾಟಿದ ಸಂಸಾರವಂದಿಗ. ಒಂದು ದಿನ ಅಂಗಡಿಗೇ ಬಂದು, "ಅಕ್ಕ, ಫಾರಿನ್ನಿಗೆ ಕರೀತಾವ್ರೆ. ಬೇಸಾಯದ ಭೂಮಿ ಎಲ್ರಿಗೂ ದಕ್ಕಂಗೆ ಸರ್ಕಾರ ಏನು ಮಾಡ್ಬೋದು ಅಂತ ತೋರುಸ್ತಾರಂತೆ. ಇಬ್ರು ಎಂಗಸ್ರು ಬೇಕು. ಜಮೀನಿರೋರು ಒಬ್ರು, ಜಮೀನಿಲ್ದೆ ಬೇಸಾಯ ಮಾಡೋರು ಒಬ್ರು," ಎಂದ.

ಜಮೀನಿಲ್ಲದೆ ಬೇಸಾಯ ಮಾಡುವ ಹೆಂಗಸರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅವರಲ್ಲಿ ಪಾಸ್‌ಪೋರ್ಟ್ ಇದ್ದವಳು ಒಬ್ಬಳೇ ಸಿಕ್ಕಿದಳು, ಚಿಕ್ಕತಾಯಮ್ಮ. ಹಿಂದೊಮ್ಮೆ ಕುವೈತಿಗೆ ಅಡುಗೆ ಕೆಲಸಕ್ಕೆಂದು ಮಾಡಿಸಿ, ಹೋಗದೆ ಟ್ರಂಕಿನಲ್ಲಿಟ್ಟಿದ್ದಳು. ಅವಳು ಬೇಸಾಯ ಮಾಡುವುದು ಯಾರ ಹೊಲದಲ್ಲಿ ಎಂದು ನಂಜುಂಡ ಕೇಳಿರಲಿಲ್ಲ. ನನ್ನ ಹೊಲದಲ್ಲಿ.

ಇದಕ್ಕೆ ನಮ್ಮಲ್ಲಿ ವಾರಕ್ಕೆ ಮಾಡುವುದು ಎನ್ನುತ್ತಾರೆ. ದುಡಿಮೆ ಅವಳದು, ಬೆಳೆದದ್ದರಲ್ಲಿ ಅರ್ಧ ಅವಳಿಗೆ, ಅರ್ಧ ನಮಗೆ. ಕಾಗದ ಪತ್ರ ಏನೂ ಇಲ್ಲ. ಇರುವ ಹಾಗೂ ಇಲ್ಲ, ಬೇಸಾಯದ ಜಮೀನನ್ನು ಇನ್ನೊಬ್ಬರಿಗೆ ಗೇಣಿಗೆ ಕೊಡುವುದನ್ನೇ ನಮ್ಮ ಕಾನೂನು ಒಪ್ಪುವುದಿಲ್ಲ. ಮಾವನವರ ಕಾಲದಲ್ಲಿ ಉಳುವವರಿಗೇ ಜಮೀನು ಎಂದಾದಾಗ ನಾಲ್ಕು ಎಕರೆ ಗೇಣಿದಾರರಿಗೆ ಹೋಯಿತು. ಆ ನಾಲ್ಕು ಎಕರೆಯನ್ನು ನಾನು ಕಣ್ಣಿನಿಂದ ಕಂಡಿಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಪ್ರತಿ ಹಬ್ಬದೂಟದಲ್ಲೂ ಅನ್ನದ ಜೊತೆಗೆ ಅದನ್ನೂ ಬಡಿಸಿದ್ದಾರೆ. ಅದಕ್ಕೇ ಮನೆಯಲ್ಲೊಂದು ಪದ್ಧತಿ. ಯಾರ ಕೈಯಲ್ಲೂ ಮೂರು ಯುಗಾದಿಗಿಂತ ಹೆಚ್ಚು ಹೊಲ ಬಿಡುವುದಿಲ್ಲ. ಬೇರು ಬಿಡುವುದರೊಳಗೆ ಆಳನ್ನು ಬದಲಾಯಿಸಬೇಕು.

ಬರುವ ಯುಗಾದಿಗೆ ಚಿಕ್ಕತಾಯಮ್ಮನಿಗೆ ಮೂರು ತುಂಬುತ್ತಿತ್ತು. ಗಂಡ ಇಲ್ಲ, ಬೇರೆ ಹೊಲ ಇಲ್ಲ, ವರ್ಷದ ರಾಗಿ ಬರುವುದು ಅಲ್ಲಿಂದಲೇ. ನಮ್ಮ ಹೊಲ ಹೋದರೆ ಅವಳು ಮತ್ತೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲಬೇಕು. ಯಜಮಾನರು ಅದೇ ಊರಿನ ಜವರ ಎಂಬುವನಿಗೆ ಆಗಲೇ ಮಾತು ಕೊಟ್ಟಾಗಿತ್ತು.

"ಅವ್ಳಿಗೆ ಈಗ್ಲೇ ಹೇಳ್ಬೇಡ. ಬಂದ್ಮೇಲೆ ಹೇಳಾನ. ದೂರ ಹೋಗೋರ ಮನಸ್ಸು ಯಾಕೆ ಕೆಡಿಸೋದು," ಎಂದರು.

ಅವರು ಕಾಳಜಿಯಿಂದಲೇ ಹೇಳಿದ್ದು. ಹತ್ತು ದಿನ ಅವಳ ಜೊತೆ ಒಂದೇ ಕೋಣೆಯಲ್ಲಿ ಇರಬೇಕಾದವಳು ನಾನು ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ವಿಮಾನದಲ್ಲಿ

ಚಿಕ್ಕತಾಯಮ್ಮ ಕಿಟಕಿಯ ಪಕ್ಕ ಕೂತಳು. ಬೆಂಗಳೂರು ಬಿಟ್ಟು ಮೋಡ ದಾಟುವವರೆಗೂ ಮುಂದಿನ ಸೀಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಆಮೇಲೆ ಬಿಟ್ಟಳು. ಊಟದ ತಟ್ಟೆಯಲ್ಲಿ ಏನೇನಿದೆ ಎಂದು ಒಂದೊಂದನ್ನೂ ಬಿಚ್ಚಿ ನೋಡಿ, ತಿನ್ನುವಂಥದ್ದನ್ನು ತಿಂದು, ಉಳಿದದ್ದನ್ನು ಮೊದಲಿದ್ದ ಹಾಗೇ ಮುಚ್ಚಿಟ್ಟಳು.

"ಅಕ್ಕಾವ್ರೆ, ಈ ಯುಗಾದಿಗೆ ನಂಗೆ ಮೂರಾಯ್ತದೆ," ಎಂದಳು.

"ಹೂಂ," ಎಂದೆ.

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ನಾನು ಮುಂದಿನ ಪರದೆಯಲ್ಲಿ ವಿಮಾನ ಯಾವ ಸಮುದ್ರದ ಮೇಲಿದೆ ಎಂದು ನೋಡುತ್ತಾ ಕೂತೆ. ಬಹಳ ಹೊತ್ತು ಒಂದೇ ಸಮುದ್ರದ ಮೇಲಿತ್ತು.

ಪ್ಯಾರಿಸ್ಸಿನಲ್ಲಿ ಇಳಿದಾಗ ತಪಾಸಣೆಯವನು ಅವಳ ಚೀಲದಿಂದ ಹುರಿಹಿಟ್ಟಿನ ಪೊಟ್ಟಣ ತೆಗೆದ. ಎರಡು ಸೇರಿನಷ್ಟಿತ್ತು. ನಂಜುಂಡ ಇಂಗ್ಲಿಷಿನಲ್ಲಿ ರಾಗಿಯ ವಿಚಾರವನ್ನೆಲ್ಲ ವಿವರಿಸಿದ. ಅವನು ಕೇಳಿಸಿಕೊಂಡು, ಗಂಟು ಬಿಚ್ಚಿ, ಮೂಗಿನ ಹತ್ತಿರ ಹಿಡಿದು ಉಸಿರೆಳೆದ. ಹುರಿಹಿಟ್ಟನ್ನು ಹಾಗೆ ಮೂಸಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವನ ಸೀನು ನಿಲ್ಲುವವರೆಗೆ ಚಿಕ್ಕತಾಯಮ್ಮ ಕಾದಳು. ಆಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ತಿನ್ನುವ ಪದಾರ್ಥ ಎಂದು ತೋರಿಸಿದಳು. ಅವನು ನೀಲಿ ಅಂಗಿ ಕೊಡವಿಕೊಂಡು ನಮ್ಮನ್ನು ಹೋಗಲು ಬಿಟ್ಟ.

ಹೋಟೆಲು

ನಾವು ಇಳಿದುಕೊಂಡ ಊರು ಪ್ಯಾರಿಸ್ಸಿನಿಂದ ಪಶ್ಚಿಮಕ್ಕೆ, ರೈಲಿನಲ್ಲಿ ಮೂರು ಗಂಟೆ. ನಮ್ಮ ನಾಗಮಂಗಲದ ಅರ್ಧ ಇದ್ದೀತು. ಬೀದಿಯಲ್ಲಿ ಜನವೇ ಇಲ್ಲ. ಒಂದು ಚರ್ಚು, ಒಂದು ಬ್ರೆಡ್ಡಿನ ಅಂಗಡಿ, ಮುಚ್ಚಿದ ಕಿಟಕಿಗಳು. ನನ್ನ ತವರು ಕೆ.ಆರ್.ಪೇಟೆಯ ಹತ್ತಿರ. ಹೊಸಹೊಳಲಿನ ದೇವಸ್ಥಾನದ ಗೋಡೆ ನೋಡಿ ಬೆಳೆದವಳಿಗೆ ಆ ಚರ್ಚಿನ ಗೋಡೆಯಲ್ಲಿ ನೋಡಲು ಏನೂ ಇರಲಿಲ್ಲ. ಆದರೆ ಅದರ ಮುಂದಿನ ಬೆಂಚು ಬಹಳ ಚೆನ್ನಾಗಿತ್ತು. ನಮ್ಮ ದೇವಸ್ಥಾನಗಳ ಮುಂದೆಯೂ ಅಂಥ ಬೆಂಚು ಹಾಕಬಹುದು.

ಕೋಣೆಯಲ್ಲಿ ಇದ್ದದ್ದು ಒಂದೇ ಮಂಚ, ಇಬ್ಬರು ಮಲಗುವಂಥದ್ದು. ಚಿಕ್ಕತಾಯಮ್ಮ ಅದನ್ನು ನೋಡಿ, ತನ್ನ ಕಂಬಳಿ ತೆಗೆದು ಬೀರುವಿಗೂ ಕಿಟಕಿಗೂ ನಡುವೆ ಹಾಸಿಕೊಂಡಳು. ಮೇಲೆ ಬಾ ಎಂದೆ. "ಇರ್ಲಿ ಬುಡಿ ಅಕ್ಕಾವ್ರೆ, ನಂಗೆ ನೆಲಾನೇ ಸರಿ," ಎಂದಳು. ನನಗೆ ಆ ಹಾಸಿಗೆ ಸರಿ ಬರಲಿಲ್ಲ. ಮಲಗಿದರೆ ಹಿಟ್ಟಿನಲ್ಲಿ ಹೂತುಹೋದ ಹಾಗೆ. ಎರಡನೆಯ ದಿನ ಸೊಂಟ ಹಿಡಿದುಕೊಂಡು, ನಾನೂ ಅವಳ ಪಕ್ಕ ನೆಲಕ್ಕೇ ಬಂದೆ. ಬೆಳಿಗ್ಗೆ ಕೋಣೆ ಗುಡಿಸಲು ಬಂದ ಹೆಂಗಸು ನೆಲದ ಮೇಲೆ ಎರಡು ಹಾಸಿಗೆ, ಮಂಚದ ಮೇಲೆ ಯಾರೂ ಇಲ್ಲದ್ದನ್ನು ಕಂಡು ಹೋದಳು. ಸಂಜೆ ಬಂದು ನೋಡಿದರೆ ಮಂಚಕ್ಕೆ ಇನ್ನೊಂದು ಮೆತ್ತೆ ಹೆಚ್ಚಿಗೆ ಹಾಕಿದ್ದಳು.

ಟೀ ಕಾಯಿಸುವ ಕೆಟಲಿನಲ್ಲಿ ನೀರು ಕಾಯಿಸಿ ಚಿಕ್ಕತಾಯಮ್ಮ ದಿನವೂ ಇಬ್ಬರಿಗೂ ಹುರಿಹಿಟ್ಟು ಕಲೆಸುತ್ತಿದ್ದಳು. ನಂಜುಂಡನೂ ಮೂರನೆಯ ದಿನದಿಂದ ಬಟ್ಟಲು ಹಿಡಿದು ಬಾಗಿಲು ತಟ್ಟತೊಡಗಿದ.

ಪುರಸಭೆ ಕಟ್ಟಡ

ಮೊದಲ ಸಭೆ ಅಲ್ಲಿ. ನಮ್ಮ ಜವಾಬ್ದಾರಿ ಹೊತ್ತ ಹೆಂಗಸಿನ ಹೆಸರು ಕ್ಲೇರ್. ಅವಳು ಫ್ರೆಂಚಿನಿಂದ ಇಂಗ್ಲಿಷಿಗೆ, ನಂಜುಂಡ ಇಂಗ್ಲಿಷಿನಿಂದ ಕನ್ನಡಕ್ಕೆ. ಒಂದು ಮಾತು ಹೊರಟು ನಮ್ಮನ್ನು ಮುಟ್ಟುವಷ್ಟರಲ್ಲಿ ಹೇಳಿದವರು ಕಾಫಿ ಕುಡಿದು ಮುಗಿಸಿರುತ್ತಿದ್ದರು.

ಪರಿಚಯ ಶುರುವಾಯಿತು. ಜಮೀನು ನಿಮಗೆ ಹೇಗೆ ಬಂತು ಎಂದು ನನ್ನನ್ನು ಕೇಳಿದರು. ಗಂಡನ ಕಡೆಯಿಂದ ಎಂದೆ. ತವರಿನಿಂದ ಏನೂ ಬರಲಿಲ್ಲವೇ ಎಂದರು. ಅಲ್ಲಿ ನನ್ನ ಪಾಲು ಬೇಡವೆಂದು ಸಹಿ ಹಾಕಿ, ಅಣ್ಣಂದಿರು ಕೊಟ್ಟ ಸೀರೆ ಮಡಿಲಿಗೆ ಹಾಕಿಸಿಕೊಂಡು ಬಂದೆ ಎಂದು ಹೇಳಿದೆ. ನಂಜುಂಡ ಅದನ್ನು ಹಾಗೇ ದಾಟಿಸಿದ. ಸೀರೆ ಯಾವ ಬಣ್ಣದ್ದು ಎಂದು ಯಾರೂ ಕೇಳಲಿಲ್ಲ. ಹಸಿರು.

ಆಮೇಲೆ ಚಿಕ್ಕತಾಯಮ್ಮನ ಸರದಿ. ನೀವು ಯಾರ ಜಮೀನಿನಲ್ಲಿ, ಯಾವ ಕರಾರಿನ ಮೇಲೆ ಬೇಸಾಯ ಮಾಡುತ್ತೀರಿ?

ಅವಳು ನನ್ನ ಕಡೆ ನೋಡಲಿಲ್ಲ. "ನಾನು ಬೇಸಾಯ ಮಾಡಾಕಿಲ್ಲ ಬುದ್ಧಿ. ಅಕ್ಕಾವ್ರ ಒಲಕ್ಕೆ ಕೂಲಿಗೆ ಬತ್ತೀನಿ," ಎಂದಳು.

ಇದನ್ನು ಓದುಗರಿಗೆ ವಿವರಿಸಬೇಕು. ನಮ್ಮಲ್ಲಿ ಬೆಳೆ ಬರೆದುಕೊಳ್ಳಲು ಸರ್ಕಾರದವರು ಹೊಲಕ್ಕೆ ಬಂದು ಇಲ್ಲಿ ಉಳುತ್ತಿರುವುದು ಯಾರು ಎಂದು ಕೇಳಿದರೆ, ವಾರಕ್ಕೆ ಮಾಡುವವರು ಕೊಡಬೇಕಾದ ಉತ್ತರ ಇದು. ಹೊಲ ಒಪ್ಪಿಸುವ ದಿನವೇ ಈ ಮಾತನ್ನೂ ಒಪ್ಪಿಸಿರುತ್ತಾರೆ. ಉಳುತ್ತಿದ್ದೇನೆ ಎಂದವರಿಗೆ ಮರುವರ್ಷ ಹೊಲವಿಲ್ಲ. ಯಜಮಾನರು ಅವಳಿಗೆ ಹೇಳಿಕೊಟ್ಟದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೆ. ಅದು ಫ್ರಾನ್ಸಿಗೂ ಅನ್ವಯಿಸುತ್ತದೆ ಎಂದು ಅವಳು ತಿಳಿದಳು. ಅನ್ವಯಿಸುವುದಿಲ್ಲ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಕ್ಲೇರ್ ಕಾಗದದಲ್ಲಿ ತಿದ್ದಿಕೊಂಡಳು. ಅವಳು ಬಹಳ ಅಚ್ಚುಕಟ್ಟಿನ ಹೆಂಗಸು. ಮರುದಿನ ಚಿಕ್ಕತಾಯಮ್ಮನನ್ನು ರೈತರ ಗುಂಪಿನಿಂದ ತೆಗೆದು ಕೂಲಿಯವರ ಯೋಗಕ್ಷೇಮದ ಕಾರ್ಯಕ್ರಮಕ್ಕೆ ಹಾಕಿದಳು.

ಮಣ್ಣಿನ ಗುಂಡಿ

ರೈತರ ಗುಂಪಿನಲ್ಲಿ ಉಳಿದದ್ದು ನಾನು. ಬೇರೆ ಎರಡು ದೇಶದವರೂ ಇದ್ದರು. ನಮ್ಮನ್ನು ಒಂದು ಹೊಲಕ್ಕೆ ಕರೆದುಕೊಂಡು ಹೋದರು. ಎದೆಯುದ್ದದ ಗುಂಡಿ ತೋಡಿಟ್ಟಿದ್ದರು. ರೈತರು ಒಬ್ಬೊಬ್ಬರಾಗಿ ಅದರೊಳಗೆ ಇಳಿದು, ಪದರ ಪದರವಾಗಿ ಮಣ್ಣು ನೋಡಿ, ತಮ್ಮ ಹೊಲದ ಮಣ್ಣು ಇದಕ್ಕಿಂತ ಹೇಗೆ ಬೇರೆ ಎಂದು ಹೇಳಬೇಕಂತೆ. ಬೇರೆಯವರು ಇಳಿದು ಬಹಳ ಹೊತ್ತು ಮಾತಾಡಿದರು. ಒಬ್ಬರಂತೂ ಹತ್ತಲು ಒಲ್ಲೆ ಎಂದರು.

ನಾನು ಸೀರೆ ಎತ್ತಿ ಕಟ್ಟಿ ಇಳಿದೆ.

"ನಿಮ್ಮ ಮಣ್ಣು ಹೇಗಿದೆ?"

"ಕೆಂಪು," ಎಂದೆ.

"ಎಷ್ಟು ಆಳದವರೆಗೆ?"

ಗೊತ್ತಿರಲಿಲ್ಲ.

"ಜೋರು ಮಳೆ ಬಂದರೆ ನೀರು ಎಷ್ಟು ಹೊತ್ತಿಗೆ ಇಂಗುತ್ತದೆ?"

ಮಳೆ ಬಂದ ದಿನ ನಾವು ಆ ಕಡೆ ಹೋಗುವುದೇ ಇಲ್ಲ, ಕಾರು ಸಿಕ್ಕಿಕೊಳ್ಳುತ್ತದೆ. ಅದನ್ನು ಹೇಳಲಾಗದೆ ಗುಂಡಿಯ ಗೋಡೆಯಿಂದ ಒಂದು ಹೆಂಟೆ ಕಿತ್ತು, ಕೈಯಲ್ಲಿ ಹಿಡಿದು ನೋಡುತ್ತಾ ನಿಂತೆ. ಎಲ್ಲರೂ ಗೌರವದಿಂದ ಕಾದರು. ಹೆಂಟೆ ಪುಡಿಯಾಯಿತು.

"ನಂಜುಂಡ, ಚಿಕ್ಕತಾಯಿಯನ್ನ ಕರೆಸಪ್ಪ," ಎಂದೆ.

ಅವಳು ಬಂದದ್ದು ಮಧ್ಯಾಹ್ನದ ಮೇಲೆ. ಹಣ್ಣು ಕೀಳಲು ಬರುವ ಕೂಲಿಯವರಿಗೆ ಕಟ್ಟಿಸಿದ ಬಚ್ಚಲುಮನೆಗಳನ್ನು ಬೆಳಗಿನಿಂದ ತೋರಿಸಿದ್ದರಂತೆ. "ನಮ್ಮೂರ್ ಪಂಚಾಯ್ತಿ ಆಫೀಸ್ಗಿಂತ ಚೆನ್ನಾಗವೆ," ಎಂದಳು. ಚಪ್ಪಲಿ ಬಿಟ್ಟು ಗುಂಡಿಗಿಳಿದಳು. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಬೆರಳಿನಲ್ಲಿ ಗೀಚಿಕೊಂಡು ಹೋಗಿ, ಮೊಣಕಾಲಿನ ಮಟ್ಟದಲ್ಲಿ ನಿಲ್ಲಿಸಿದಳು.

"ಇಲ್ಲಿ ಗಟ್ಟಿ ಪದ್ರ ಅದೆ. ಇವ್ರು ದೊಡ್ಡ ಟ್ರಾಕ್ಟ್ರು ಓಡುಸ್ತಾರೆ ಅಲ್ವಾ? ನಮ್ ಒಲ್ದಾಗೂ ಬಡಗಲ್ ಮೂಲೇಲಿ ಇಂಗೇಯಾ ಇತ್ತು. ಮಳೆ ಬಂದ್ರೆ ಮೂರ್ ದಿನ ನೀರು ನಿಂತ್ಕಂಡು ರಾಗಿ ಅಳದಿ ಬಣ್ಣಕ್ಕೆ ತಿರುಗ್ತಿತ್ತು. ಓದ್ ಬ್ಯಾಸ್ಗೇಲಿ ಆರೆ ತಕ್ಕಂಡು ಒಡ್ದಾಕ್ದೆ. ಇಪ್ಪತ್ ದಿನ ಇಡೀತು. ಈಗ ನೀರು ಸಂಜೆಗೆ ಇಂಗ್ತದೆ."

ಆ ಮೂಲೆಯ ಹೊಲ ನನ್ನದು. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಕ್ಲೇರ್ ತನ್ನ ಕಾಗದವನ್ನು ನೋಡಿ, ಚಿಕ್ಕತಾಯಮ್ಮನನ್ನು ನೋಡಿ, ಕೂಲಿಗೆ ಬರುವವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದಳು.

"ನೋಡ್ತಾ ಇರ್ತೀನಲ್ಲ," ಎಂದಳು ಚಿಕ್ಕತಾಯಮ್ಮ.

ಉದ್ದ ಮೇಜಿನ ಕೋಣೆ

ಮರುದಿನ ಒಂದು ಜಮೀನು ಯಾರಿಗೆ ಹೋಗಬೇಕೆಂದು ತೀರ್ಮಾನಿಸುವ ಸಭೆ. ನಾವು ಗೋಡೆಗೆ ಹಾಕಿದ ಕುರ್ಚಿಗಳಲ್ಲಿ ಕೂತೆವು.

ಅಲ್ಲಿ ಬೇಸಾಯದ ಜಮೀನು ಮಾರುವವರು ತಮ್ಮಷ್ಟಕ್ಕೆ ಮಾರಿಬಿಡುವಂತಿಲ್ಲ. ಮಾರುವ ವಿಚಾರ ಮೊದಲು ಒಂದು ಕಚೇರಿಗೆ ತಿಳಿಯಬೇಕು. ಆ ಕಚೇರಿಗೆ ಬೇಕೆನಿಸಿದರೆ ನಡುವೆ ಬಂದು ತಾನೇ ಕೊಂಡು, ಪುರಸಭೆಯ ಬಾಗಿಲಿಗೆ ಚೀಟಿ ಅಂಟಿಸುತ್ತದೆ. ಬೇಕಾದವರು ಅರ್ಜಿ ಹಾಕುತ್ತಾರೆ. ರೈತರೂ ಅಧಿಕಾರಿಗಳೂ ಕೂತು ಯಾರ ಕೈಗೆ ಹೋದರೆ ನ್ಯಾಯ ಎಂದು ಮಾತಾಡುತ್ತಾರೆ. ನಮ್ಮ ಶ್ರೀರಂಗಪಟ್ಟಣದ ಕಡೆ ನಾಲೆಯ ಪಕ್ಕದ ಗದ್ದೆ ಮಾರಾಟವಾದದ್ದು ಊರಿಗೆ ತಿಳಿಯುವುದು ಬೇಲಿ ಕಲ್ಲು ಬಂದು ಇಳಿದ ದಿನ. ಅಷ್ಟು ಹೊತ್ತಿಗೆ ಮಾತಾಡಲು ಏನೂ ಉಳಿದಿರುವುದಿಲ್ಲ.

ಅವತ್ತು ಮೂರು ಅರ್ಜಿಗಳಿದ್ದವು. ಒಬ್ಬನು ಪಕ್ಕದ ಜಮೀನಿನವನು, ಆಗಲೇ ಬೇಕಾದಷ್ಟಿರುವವನು. ಇನ್ನೊಬ್ಬರು ಕುದುರೆ ಸಾಕುವವರು. ಮೂರನೆಯವರು ಜಮೀನೇ ಇಲ್ಲದ ಗಂಡ ಹೆಂಡತಿ, ತರಕಾರಿ ಬೆಳೆಯುತ್ತೇವೆ ಎಂದಿದ್ದರು. ಒಬ್ಬ ಹೆಂಗಸು ನಿಂತು ಮೂರನ್ನೂ ಒಂದೇ ದನಿಯಲ್ಲಿ ಓದಿದಳು. ಆಮೇಲೆ ಜಗಳ. ಪಕ್ಕದ ಜಮೀನಿನವನ ಪರವಾಗಿ ದಪ್ಪ ಮೀಸೆಯ ಒಬ್ಬರು ಮೇಜು ಕುಟ್ಟಿದರು. ಗಂಡ ಹೆಂಡತಿಗೆ ಅನುಭವ ಸಾಲದು ಎಂದು ಇನ್ನೊಬ್ಬರು. ಕೊನೆಗೆ ಕೈ ಎತ್ತಿ ಎಣಿಸಿದರು. ಜಮೀನು ಗಂಡ ಹೆಂಡತಿಗೆ ಹೋಯಿತು. ಮೀಸೆಯವರು ಕೋಟು ಹಾಕಿಕೊಂಡು ಯಾರ ಕೈಯನ್ನೂ ಕುಲುಕದೆ ಎದ್ದು ಹೋದರು.

"ಎಲ್ಲಾ ಕಡೆ ಎಲ್ರಿಗೂ ಸಮಾಧಾನ ಆಗಾಕಿಲ್ಲ," ಎಂದ ನಂಜುಂಡ.

"ಆಗ್ದಿದ್ರೂ, ಓದುದ್ರಲ್ಲ," ಎಂದಳು ಚಿಕ್ಕತಾಯಮ್ಮ.

ಮಾರ್ಸೆಲ್ ಅವರ ಹುಲ್ಲು

ಕೊನೆಗೆ ನೋಡಿದ್ದು ಎಂಬತ್ತು ದಾಟಿದ ಮಾರ್ಸೆಲ್ ಎಂಬುವರ ಜಮೀನು. ಅವರು ನಮಗೆ ಸೇಬಿನ ರಸ ಕೊಟ್ಟು, ತಮ್ಮ ನಾಯಿಯ ಕಾಯಿಲೆಗಳನ್ನು ಹೇಳಿ, ಹುಲ್ಲುಗಾವಲಿಗೆ ಕರೆದುಕೊಂಡು ಹೋದರು. ಒಬ್ಬ ಹೆಂಗಸಿನ ಆಡುಗಳು ಮೇಯುತ್ತಿದ್ದವು. ಅವಳಿಗೆ ಗೇಣಿಗೆ ಕೊಟ್ಟಿದ್ದೀರಾ ಎಂದು ನಾನು ಕೇಳಿದೆ.

ಮುದುಕರಿಗೆ ಗಾಬರಿಯಾಯಿತು. ಇಲ್ಲವೇ ಇಲ್ಲ, ಹುಲ್ಲು ಮಾರಿದ್ದೇನೆ ಎಂದರು. ಗೇಣಿಗೆ ಕೊಟ್ಟರೆ ಅಲ್ಲಿ ಕನಿಷ್ಠ ಒಂಬತ್ತು ವರ್ಷ ಬಿಡಿಸುವ ಹಾಗಿಲ್ಲವಂತೆ. ಬರೆದುಕೊಡದೆ ಬಾಯಿಯಲ್ಲಿ ಹೇಳಿದ್ದರೂ ಒಂಬತ್ತೇ. ಅದಕ್ಕೇ ಅವರು ಜಮೀನು ಕೊಡುವುದಿಲ್ಲ. ಪ್ರತಿ ವರ್ಷ ಅದರ ಮೇಲಿನ ಹುಲ್ಲನ್ನು ಮಾತ್ರ ಮಾರುತ್ತಾರೆ. ಆಡಿನವಳು ಆರು ವರ್ಷದಿಂದ ಹುಲ್ಲು ಕೊಳ್ಳುತ್ತಿದ್ದಾಳೆ. ಕಚೇರಿಯವರು ಕೇಳಿದರೆ ಅವಳೂ ಹಾಗೇ ಹೇಳುತ್ತಾಳೆ.

ನಂಜುಂಡ ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ. ಚಿಕ್ಕತಾಯಮ್ಮ ಹತ್ತು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕಳು.

"ಅಯ್ಯೋ, ಇವ್ರೂ ನಮ್ ಯಜಮಾನ್ರಂಗೇಯಾ," ಎಂದಳು.

ನಂಜುಂಡ ಕೆಲಸದಲ್ಲಿ ನಿಷ್ಠಾವಂತ. ಅದನ್ನೂ ಇಂಗ್ಲಿಷಿಗೆ ದಾಟಿಸಿದ. ಕ್ಲೇರ್ ಪೆನ್ನು ತೆಗೆದು, ಯಾವ ಯಜಮಾನರು ಎಂದು ಕೇಳಿದಳು.

ಚಿಕ್ಕತಾಯಮ್ಮ ನಗು ನಿಲ್ಲಿಸಿ ಆಡಿನ ಕಡೆ ನೋಡತೊಡಗಿದಳು. ನಂಜುಂಡನಿಗೆ ಆಗ ಅರ್ಥವಾಯಿತು. ಅವನು ನನ್ನನ್ನು ನೋಡಿದ.

"ನಮ್ಮ ಯಜಮಾನರು," ಎಂದೆ. "ಇವಳು ಕೂಲಿಯವಳಲ್ಲ. ಮೂರು ವರ್ಷದಿಂದ ನನ್ನ ಹೊಲ ಉಳುತ್ತಿರುವವಳು. ಹಾಗೆ ಹೇಳಬಾರದು ಎಂದು ನಾವೇ ಹೇಳಿಕೊಟ್ಟಿದ್ದೆವು."

ಕ್ಲೇರ್ ಮೊದಲು ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದಳು. ಮಾರ್ಸೆಲ್ ಅವರಿಗೆ ಇದನ್ನು ವಿವರಿಸಿದಾಗ ಅವರು ನನ್ನ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. ಜಗತ್ತಿನಲ್ಲಿ ತಾವೊಬ್ಬರೇ ಅಲ್ಲ ಎಂದು ತಿಳಿದು ಅವರಿಗೆ ಸಂತೋಷವಾಗಿತ್ತು.

ಹಿಂದಿರುಗುವಾಗ ಬೇಲಿ ನೋಡಿದೆ. ಬಿದ್ದು ಹೋಗಿತ್ತು. ಹುಲ್ಲಿಗಿಂತ ಮುಳ್ಳುಗಿಡವೇ ಹೆಚ್ಚು. ಆಡು ಅಟ್ಟಲು ಬಂದಿದ್ದ ಆ ಹೆಂಗಸನ್ನು, ಸರಿ ಮಾಡಬಾರದೇ ಎಂದು ಕೇಳಿಸಿದೆ. ಬರುವ ವರ್ಷ ಯಾರದೋ, ನಾನು ಕೊಂಡಿರುವುದು ಹುಲ್ಲು ಮಾತ್ರ ಎಂದಳು. ಅವಳ ಮಾತು ನ್ಯಾಯವಾಗಿಯೇ ಇತ್ತು.

ಕೋಣೆಗೆ ಬಂದು ಚೀಲ ತುಂಬುವಾಗ ಕೇಳಿದೆ. "ಚಿಕ್ತಾಯಿ, ಮೂರು ವರ್ಷಕ್ಕೆ ಬಿಡೋ ಹೊಲ. ಇಪ್ಪತ್ತು ದಿನ ಯಾಕೆ ಹಾರೆ ಹಾಕ್ದೆ?"

"ನೀರು ನಿಂತಿರದ ನೋಡ್ಕಂಡು ಎಂಗೆ ಸುಮ್ಕಿರಾದು ಅಕ್ಕಾವ್ರೆ."

ನಾನು ಸೀರೆ ಮಡಿಸಿದ್ದನ್ನೇ ಮತ್ತೆ ಮಡಿಸಿದೆ. ಆಮೇಲೆ ಹೇಳಿದೆ, ಯುಗಾದಿಗೆ ಹೊಲ ಜವರನಿಗೆ ಎಂದು ಮಾತಾಗಿದೆ.

"ಗೊತ್ತು," ಎಂದಳು. "ಜವ್ರನೇ ಬಂದಿದ್ದ. ಗೊಬ್ರುದ್ ಗುಂಡಿ ಅಂಗೇ ಬುಟ್ಟೋಯ್ತೀಯಾ, ಇಲ್ಲ ಒತ್ಕಂಡೋಯ್ತೀಯಾ ಅಂತ ಕೇಳ್ದ."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ ನೀನು?"

"ನೀವೇ ಏಳ್ತೀರೇನೋ ಅಂತ ಕಾದೆ. ಇಮಾನದಲ್ಲಿ ಟೇಮಿತ್ತು."

ನಾಗಮಂಗಲ

ಬಂದ ವಾರದಲ್ಲೇ ನಾಗಮಂಗಲದ ಕಚೇರಿಗೆ ಹೋದೆ. ಅಲ್ಲಿ ಒಂದು ಮೇಜಿನ ಹಿಂದೆ ಕೂತಿದ್ದವರು ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟರು. ನನ್ನ ಹೊಲವನ್ನು ಒಂಬತ್ತು ವರ್ಷಕ್ಕೆ ಒಬ್ಬಳಿಗೆ ಕೊಡುತ್ತೇನೆ, ಅವಳಿಗೂ ನನಗೂ ಭಯವಿಲ್ಲದ ಹಾಗೆ ಒಂದು ಕಾಗದ ಬೇಕು ಎಂದೆ.

"ಅಲ್ಲ ತಾಯಿ, ಕೊಡೋದೇ ತಪ್ಪು ಅಂತ ಕಾನೂನಿರುವಾಗ, ಕೊಟ್ಟಿದೀನಿ ಅಂತ ಬರ್ಕೊಡಿ ಅಂದ್ರೆ ಎಂಗೆ?" ಎಂದರು. "ಎಲ್ರೂ ಕೊಟ್ಟಾವ್ರೆ. ಯಾರೂ ಬಂದು ಇಂಗೆ ಕೇಳಾಕಿಲ್ಲ."

"ಹಾಗಾದರೆ ಏನು ಮಾಡಬೇಕು?"

"ಮನೆಗೋಗಿ. ಬಾಯಲ್ಲೇ ಇರ್ಲಿ."

ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ಯೋಚಿಸಿದೆ. ಆ ದೇಶದಲ್ಲಿ ಬಾಯಿಮಾತಿಗೂ ಸರ್ಕಾರ ಬೆನ್ನಿಗೆ ನಿಲ್ಲುತ್ತದೆ. ಅದಕ್ಕೇ ಅಲ್ಲಿಯ ಮುದುಕರಿಗೆ ಭಯ. ಇಲ್ಲಿ ಕಾಗದವೂ ನಿಲ್ಲುವುದಿಲ್ಲ. ಆದರೂ ನಮಗೂ ಅಷ್ಟೇ ಭಯ. ನಡುವೆ ಎಲ್ಲೋ ಒಂದು ಸರಿಯಾದ ಕಾನೂನು ಇರಲು ಸಾಧ್ಯ. ಅದನ್ನು ಬರೆಯಬೇಕಾದವರು ಬಸ್ ಸ್ಟ್ಯಾಂಡಿನಲ್ಲಿ ಇರುವುದಿಲ್ಲ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. "ಜವರನಿಗೆ ಮಾತು ಕೊಟ್ಟಾಗಿದೆ," ಎಂದರು. ಅದು ನಿಮ್ಮ ಮಾತು, ಹೊಲ ನನ್ನದು ಎಂದೆ. ಮದುವೆಯಾದ ಮೇಲೆ ಆ ವಾಕ್ಯವನ್ನು ಹೇಳಿದ್ದು ಮೊದಲ ಸಲ. ಅವರು ಸಾರು ಹಾಕಿಸಿಕೊಂಡು ಊಟ ಮುಗಿಸಿ ಎದ್ದರು. ಎರಡು ದಿನ, ಉಪ್ಪು ಕಡಿಮೆಯಾಗಿದೆ ಎನ್ನುವುದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ. ಉಪ್ಪು ಸರಿಯಾಗಿಯೇ ಇತ್ತು.

ಡೈರಿ ಮುಂದೆ

ಮೂರನೆಯ ದಿನ ಊರಿಗೆ ಹೋಗಿ ಚಿಕ್ಕತಾಯಮ್ಮನ ಬಾಗಿಲಲ್ಲಿ ನಿಂತು, ಹೊಲ ಒಂಬತ್ತು ವರ್ಷ ನಿನಗೇ ಎಂದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಒರಳುಕಲ್ಲಿನ ಮೇಲೆ ಕೂತು ಸ್ವಲ್ಪ ಯೋಚಿಸಿದಳು.

"ಇಲ್ಲಿ ಅಂದ್ರೆ ನಾನೊಬ್ಳೇ ಕೇಳ್ದಂಗಾಯ್ತದೆ ಅಕ್ಕಾವ್ರೆ. ಡೈರಿ ಮುಂದೆ ಒಂದ್ಸಲ ಅನ್ನಿ."

ಸಂಜೆ ಹಾಲು ಹಾಕುವ ಹೊತ್ತು. ಕ್ಯಾನು, ಚೊಂಬು ಹಿಡಿದು ಇಪ್ಪತ್ತು ಇಪ್ಪತ್ತೈದು ಜನ ಸಾಲಿನಲ್ಲಿದ್ದರು. ಜವರನೂ ಇದ್ದ. ನಾನು ಗಂಟಲು ಸರಿ ಮಾಡಿಕೊಂಡು, ನಮ್ಮ ಹೊಲವನ್ನು ಇನ್ನು ಒಂಬತ್ತು ಯುಗಾದಿ ಚಿಕ್ಕತಾಯಮ್ಮ ಮಾಡುತ್ತಾಳೆ, ಎಲ್ಲರೂ ಕೇಳಿಸಿಕೊಂಡಿರಿ ಎಂದೆ. ಹಾಲು ಅಳೆಯುವವನು ಅಳತೆ ನಿಲ್ಲಿಸಿದ.

"ಯಾವ್ ಕಾನೂನ್ ಪ್ರಕಾರ ಅಕ್ಕ?" ಎಂದ ಒಬ್ಬ.

"ಫ್ರಾನ್ಸ್," ಎಂದೆ.

"ಅಂಗಾರೆ ಸರಿ," ಎಂದು ಅವನು ಕ್ಯಾನು ಮುಂದಕ್ಕೆ ತಳ್ಳಿದ.

ಜವರ ಸಾಲು ಬಿಟ್ಟು ಬಂದ. ಕೋಪದಿಂದ ಬರಲಿಲ್ಲ. "ಅಕ್ಕ, ಯಜಮಾನ್ರು ನಂಗ್ ಅಂದಿದ್ರು. ಬಿತ್ನೆ ರಾಗಿ ಎತ್ತಿಟ್ಟಿದೀನಿ. ನಂಗೂ ಒಲ ಇಲ್ಲ, ಗೊತ್ತಲ್ಲ ನಿಮ್ಗೆ. ನನ್ನೂ ಒಂದ್ಸಲ ಫಾರಿನ್ನಿಗೆ ಕರ್ಕಂಡೋಗಿದ್ರೆ ನಂಗೇ ಆಗ್ತಿತ್ತೇನೋ."

ಆ ಉದ್ದ ಮೇಜಿನ ಕೋಣೆಯಲ್ಲಾಗಿದ್ದರೆ ಅವನ ಅರ್ಜಿಯನ್ನೂ ಯಾರಾದರೂ ನಿಂತು, ಅದೇ ದನಿಯಲ್ಲಿ ಓದುತ್ತಿದ್ದರು. ಇಲ್ಲಿ ಇದ್ದದ್ದು ನಾನೊಬ್ಬಳು, ಕೈಯಲ್ಲೊಂದು ಚೀಲ. ತಪ್ಪಾಯಿತಪ್ಪ ಎಂದೆ. ಅವನು ಸಾಲಿಗೆ ಹಿಂದಿರುಗಿದ. ಅವನ ಜಾಗವನ್ನು ಹಿಂದಿನವರು ಬಿಟ್ಟುಕೊಟ್ಟರು.

ಬಸ್ಸಿನವರೆಗೆ ಚಿಕ್ಕತಾಯಮ್ಮ ಜೊತೆಯಲ್ಲಿ ಬಂದಳು. ಧನ್ಯವಾದ ಗಿನ್ಯವಾದ ಏನೂ ಹೇಳಲಿಲ್ಲ. ಹೊಲದ ಹತ್ತಿರ ಬಂದಾಗ ನಿಂತಳು.

"ಅಕ್ಕಾವ್ರೆ, ಬದ ಒಡ್ದೋಗದೆ. ನೀವು ಕಟ್ಟುಸ್ಕೊಡ್ಬೇಕು. ಮೂರ್ ವರ್ಸದೋಳಾಗಿದ್ರೆ ಕೇಳಾಕಾಯ್ತಿರ್ನಿಲ್ಲ, ಈಗ ಕೇಳ್ಬೋದಲ್ಲ."

ಸೀರೆ ಎತ್ತಿ ಹಿಡಿದು ಅವಳ ಹಿಂದೆ ಬದುವಿನ ಮೇಲೆ ನಡೆದೆ. ಎಲ್ಲೆಲ್ಲಿ ಒಡೆದಿದೆ ಎಂದು ನೋಡಿಕೊಂಡೆ. ಬಸ್ಸು ತಪ್ಪಿತು, ಮುಂದಿನದರಲ್ಲಿ ಬಂದೆ.

ಯಜಮಾನರು ಪೇಪರು ಓದುತ್ತಿದ್ದರು. ಡೈರಿಯ ಸುದ್ದಿ ನನಗಿಂತ ಮೊದಲು ಫೋನಿನಲ್ಲಿ ಬಂದು ಕೂತಿತ್ತು ಎಂದು ಮುಖ ನೋಡಿಯೇ ತಿಳಿಯಿತು. ನಾನು ಚೀಲ ಇಟ್ಟು, ಕಾಲು ತೊಳೆದುಕೊಂಡು ಬಂದು ಹೇಳಿದೆ.

"ಬದು ಮೂರು ಕಡೆ ಒಡೆದಿದೆ. ಕಟ್ಟಿಸಬೇಕು."

ಅವರು ಪೇಪರು ಮಡಿಸಲಿಲ್ಲ. ಒಂದು ಪುಟ ತಿರುಗಿಸಿದರು. ಅದನ್ನೂ ಓದಿದರು.

"ನಾಲ್ಕು ಕಡೆ," ಎಂದರು. "ಬೇವಿನ ಮರದ ಹಿಂದೆ ಒಂದಿದೆ. ಸರಿಯಾಗಿ ನೋಡಿಲ್ಲ ನೀನು."